ಬಿದ್ದವಳಿಗೇ ಜಾಸ್ತಿ ಅಂಕ, ಇದು ಯಾವ ನ್ಯಾಯ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಮಹಿಳಾ ಜಿಮ್ನಾಸ್ಟಿಕ್ಸ್ ತೀರ್ಪು

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪ್ರಶ್ನೆಗಳು ರಾಶಿ ಬಿದ್ದಿವೆ. ಉತ್ತರಕ್ಕೆ ಮುಂಚೆ ಒಂದು ಮಾತು. ಜಿಮ್ನಾಸ್ಟಿಕ್ಸ್ ನಿಯಮ ಪುಸ್ತಕ ಪ್ರತಿ ಒಲಿಂಪಿಕ್ಸ್ ಆದಮೇಲೆ ಬದಲಾಗುತ್ತದೆ. ಈಗಿನದು 2025ರ ಜನವರಿಯಿಂದ ಜಾರಿಯಲ್ಲಿದೆ, 2028ರ ತನಕ ನಡೆಯುತ್ತದೆ. ಮೊನ್ನೆ ಒಂದು ಸ್ಪರ್ಧೆಯಲ್ಲಿ ಅದಕ್ಕೂ ಹಿಂದಿನ ಪುಸ್ತಕದ ಜೆರಾಕ್ಸ್ ಹಿಡಿದು ಕೂತವರನ್ನು ನೋಡಿದೆ. ದಯವಿಟ್ಟು ಅದನ್ನು ರದ್ದಿಗೆ ಹಾಕಿ. ಇನ್ನೊಂದು, ಸಣ್ಣ ಮಕ್ಕಳ ಸ್ಪರ್ಧೆಗೆ ಸಂಘಟಕರು ಬೇರೆ ನಿಯಮ ಕೊಟ್ಟಿದ್ದರೆ ಅಲ್ಲಿ ಅದೇ ನಡೆಯಬೇಕು. ಆರು ವರ್ಷದ ಕೂಸಿಗೆ ಒಲಿಂಪಿಕ್ಸ್ ತಕ್ಕಡಿ ಹಿಡಿಯಬೇಡಿ.

ಪ್ರಶ್ನೆ: ಮೇಡಂ, ನನ್ನ ಮಗಳು ಬೀಮ್ (ಮೇಲೆ ನಿಂತು ಆಡುವ ಕಿರಿದಾದ ತೊಲೆ) ಮೇಲಿಂದ ಒಂದ್ಸಲಾನೂ ಬೀಳಲಿಲ್ಲ. ಆಮೇಲೆ ಬಂದ ಹುಡುಗಿ ಧಪ್ ಅಂತ ಬಿದ್ದಳು. ಆದ್ರೂ ಆಕೆಗೆ 11.300, ನನ್ನ ಮಗಳಿಗೆ 11.000. ಇದು ಯಾವ ನ್ಯಾಯ? ಯಾರನ್ನ ಕೇಳಬೇಕು? ಅಂಕದ ಹಾಳೆಯ ಫೋಟೊ ಕಳಿಸಿದ್ದೇನೆ.
(ಗದಗದ ಒಬ್ಬ ತಾಯಿ)

ಉತ್ತರ: ಫೋಟೊ ನೋಡಿದೆ ತಾಯಿ. ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಲೆಕ್ಕ ಸರಿ ಇದೆ.

ಅಂಕ ಎರಡು ಕಡೆಯಿಂದ ಬರುತ್ತದೆ. ಏನು ಮಾಡಿದಳು ಅನ್ನುವುದಕ್ಕೆ ಡಿ ಅಂಕ. ಹೇಗೆ ಮಾಡಿದಳು ಅನ್ನುವುದಕ್ಕೆ ಇ ಅಂಕ. ಡಿ ಅಂಕ ಸೊನ್ನೆಯಿಂದ ಮೇಲೆ ಏರುತ್ತದೆ. ಇ ಅಂಕ 10ರಿಂದ ಕೆಳಗೆ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಬೋರ್ಡಿನ ಮೇಲೆ ಕಾಣುವ ಅಂಕ.

ಬೀಮ್ ಮೇಲೆ ಮಾಡಿದ್ದರಲ್ಲಿ ಕಷ್ಟದ ಎಂಟು ಪಟ್ಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಎ ದರ್ಜೆಯ ಪಟ್ಟಿಗೆ 0.1, ಬಿಗೆ 0.2, ಸಿಗೆ 0.3, ಹೀಗೆ ಏರುತ್ತಾ ಹೋಗುತ್ತದೆ. ಪ್ರದರ್ಶನದಲ್ಲಿ ಇರಲೇಬೇಕಾದ ನಾಲ್ಕು ಅಂಶಗಳಿಗೆ ತಲಾ 0.5. ಎರಡು ಪಟ್ಟುಗಳನ್ನು ತಡವರಿಸದೆ ಜೋಡಿಸಿದರೆ ಅದಕ್ಕೂ 0.1 ಇಲ್ಲವೆ 0.2 ಸಿಗಬಹುದು. ನಿಮ್ಮ ಮಗಳು ಏಳು ಎ, ಒಂದು ಬಿ ಮಾಡಿದ್ದಾಳೆ. ಅದು 0.9. ನಾಲ್ಕೂ ಅಂಶ ಇದ್ದವು, 2.0. ಡಿ ಅಂಕ 2.9 ಆಯಿತು. ಆ ಇನ್ನೊಬ್ಬಳದು ನಾಲ್ಕು ಸಿ, ನಾಲ್ಕು ಬಿ, ಅಂದರೆ 2.0. ನಾಲ್ಕು ಅಂಶಕ್ಕೆ 2.0, ಜೋಡಣೆಗೆ 0.2. ಒಟ್ಟು 4.2.

ಈಗ ಇ ಅಂಕ. ಮಗಳದು 8.1, ಆಕೆಯದು 7.1. ಬಿದ್ದದ್ದಕ್ಕೆ ಆಕೆಗೆ ಪೂರ್ತಿ 1.0 ಹೋಗಿದೆ. ಆ ಒಂದು ಬೀಳುವಿಕೆ ಬಿಟ್ಟರೆ ಇಬ್ಬರೂ ಕಳೆದುಕೊಂಡದ್ದು ಸಮ ಸಮ 1.9. ನಿಮ್ಮ ಮಗಳು ಬೀಳಲಿಲ್ಲ, ನಿಜ. ಮೊಣಕಾಲು, ಬೆರಳ ತುದಿ, ಅಲುಗಾಟ, ಇವೆಲ್ಲದರಲ್ಲಿ ಚೂರು ಚೂರೇ ಸೋರಿ ಹೋಗಿದೆ. ಕೋಚ್ ಹತ್ತಿರ ಆ 1.9ರ ಬಗ್ಗೆ ಮಾತಾಡಿ. ನನ್ನ ಕೇಳಿದರೆ, ಕಷ್ಟದ ಪಟ್ಟು ಕಲಿಸುವುದಕ್ಕಿಂತ ಮೊದಲು ಅದು.

ಹಿರಿಯರು ಇನ್ನೂ 'ಹತ್ತಕ್ಕೆ ಎಷ್ಟು ಬಂತು' ಅಂತಲೇ ಕೇಳುತ್ತಾರೆ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ನಾಡಿಯಾ ಕೊಮನೇಚಿಗೆ 10 ಬಂದಾಗ ಬೋರ್ಡಿಗೆ ಅಷ್ಟು ತೋರಿಸಲು ಬರದೆ 1.00 ಅಂತ ತೋರಿಸಿತ್ತು. ಆ ಕತೆ ಎಲ್ಲರ ತಲೆಯಲ್ಲೂ ಕೂತಿದೆ. 2006ರಿಂದ ಹತ್ತರ ಮಿತಿ ಇಲ್ಲ.

ಕೇಳುವುದು ಹೇಗೆ? ತಂದೆತಾಯಿ ತೀರ್ಪುಗಾರರ ಮೇಜಿಗೆ ಬರುವಂತಿಲ್ಲ. ಕೋಚ್ ಕೇಳಬಹುದು, ಅದೂ ಡಿ ಅಂಕದ ಬಗ್ಗೆ ಮಾತ್ರ. ಇ ಅಂಕದ ಬಗ್ಗೆ ತಕರಾರು ಇಲ್ಲ. ಹೊತ್ತು ಮೀರಿದರೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫ್ಲೋರ್ (ನೆಲದ ಮೇಲಿನ ಪ್ರದರ್ಶನ) ಫೈನಲ್ ನೆನಪಿದೆಯಾ? ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು 13.666 ಬಂತು. ಕೋಚ್ ಪ್ರಶ್ನಿಸಿದರು, 13.766 ಆಯಿತು, ಕಂಚು ಸಿಕ್ಕಿತು. ಆಕೆ ಕೊನೆಯ ಸ್ಪರ್ಧಿ. ಹಾಗಾಗಿ ಪ್ರಶ್ನಿಸಲು ಒಂದು ನಿಮಿಷ ಅಷ್ಟೇ ಇತ್ತು. ನಾಲ್ಕು ಸೆಕೆಂಡು ತಡವಾಗಿದೆ ಅಂತ ಕ್ರೀಡಾ ನ್ಯಾಯಮಂಡಳಿ ಹೇಳಿತು, ಪದಕ ರೊಮೇನಿಯಾದ ಆನಾ ಬರ್ಬೋಸುಗೆ ಹೋಯಿತು. ಜಗಳ ಅಲ್ಲಿಗೂ ಮುಗಿಯದೆ ಸ್ವಿಟ್ಜರ್ಲೆಂಡ್‌ನ ಕೋರ್ಟ್ ಮೆಟ್ಟಿಲು ಹತ್ತಿತು. ತೀರ್ಪುಗಾರರೇ, ತಕರಾರು ಚೀಟಿ ಕೈಗೆ ಬಂದ ತಕ್ಷಣ ಅದರ ಮೇಲೆ ಸಮಯ ಬರೆಯಿರಿ. ಸೆಕೆಂಡ್ ಸಮೇತ.

ಪ್ರಶ್ನೆ: ಅಕ್ಕೋರೆ, ನಾನು ಪಿ.ಟಿ. ಟೀಚರ್. ಖೋ ಖೋ, ಕಬಡ್ಡಿಗೆ ಸೀಟಿ ಊದಿ ರೂಢಿ. ಈಗ ಜಿಲ್ಲಾ ಮಟ್ಟದ ಜಿಮ್ನಾಸ್ಟಿಕ್ಸ್‌ಗೆ ಇ ಜಡ್ಜ್ ಆಗಿ ಕೂರಿ ಅಂತಿದ್ದಾರೆ. ಒಂದು ತಿಂಗಳಿದೆ. ಎಲ್ಲಿಂದ ಶುರು ಮಾಡಲಿ?
(ಹಾವೇರಿ ತಾಲ್ಲೂಕಿನ ಶಿಕ್ಷಕಿ)

ಉತ್ತರ: ಕೆಳಗಿನಿಂದ ಶುರು ಮಾಡಿ. ಅಂದರೆ ಪಾದದಿಂದ.

ಹೊಸಬರು ಲಗಾಟಿ ನೋಡುತ್ತಾ ಬಾಯಿ ತೆರೆದು ಕೂರುತ್ತಾರೆ. ಹುಡುಗಿ ನೆಲಕ್ಕೆ ಬರುವಷ್ಟರಲ್ಲಿ ಇವರು ಇನ್ನೂ ಗಾಳಿಯಲ್ಲೇ ಇರುತ್ತಾರೆ. ಲ್ಯಾಂಡಿಂಗ್ ಮಾತ್ರ ನೋಡುವ ಅಭ್ಯಾಸ ಒಂದು ವಾರ ಮಾಡಿ. ಮೊಬೈಲಿನಲ್ಲಿ ವಿಡಿಯೊ ಹಾಕಿ, ಸೌಂಡ್ ಬಂದ್ ಮಾಡಿ. ಚಪ್ಪಾಳೆ, ಕಾಮೆಂಟರಿ ಕೇಳಿದರೆ ಕಣ್ಣು ಮೋಸ ಹೋಗುತ್ತದೆ.

ಸಣ್ಣ ಹೆಜ್ಜೆ, ಸಣ್ಣ ಜಿಗಿತ 0.10. ಭುಜದ ಅಗಲಕ್ಕಿಂತ ದೊಡ್ಡ ಹೆಜ್ಜೆ 0.30. ಪೂರ್ತಿ ಕುಕ್ಕರಗಾಲಿಗೆ ಕುಸಿದರೆ 0.50. ಕೈ ನೆಲಕ್ಕೆ ಊರಿ ಭಾರ ಬಿಟ್ಟರೆ ಅದು ಬಿದ್ದ ಲೆಕ್ಕ, 1.00. ಬೀಳದೆ ಎಷ್ಟೇ ಒದ್ದಾಡಿದರೂ ಒಂದು ಲ್ಯಾಂಡಿಂಗ್‌ಗೆ 0.80ಕ್ಕಿಂತ ಜಾಸ್ತಿ ಕಡಿಯುವಂತಿಲ್ಲ. ಇದನ್ನು ಹೊಸ ಜಡ್ಜ್‌ಗಳು ಮರೆತೇ ಬಿಡುತ್ತಾರೆ.

0.30 ಅಂದರೆ ಏನು ಮಹಾ ಅನ್ನಿಸಬಹುದು. 2016ರ ರಿಯೊದಲ್ಲಿ ನಮ್ಮ ದೀಪಾ ಕರ್ಮಾಕರ್ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈ ಊರಿ ಜಿಗಿಯುವ ವಿಭಾಗ) ಫೈನಲ್‌ನಲ್ಲಿ 15.066 ಪಡೆದು ನಾಲ್ಕನೆಯವರಾದರು. ಕಂಚು ಗೆದ್ದ ಜೂಲಿಯಾ ಸ್ಟೈನ್‌ಗ್ರೂಬರ್ ಅಂಕ 15.216. ಅಂತರ 0.150. ವಾಲ್ಟ್ ಫೈನಲ್‌ನಲ್ಲಿ ಎರಡು ಜಿಗಿತದ ಸರಾಸರಿ ತೆಗೆಯುತ್ತಾರೆ. ಒಂದು ಜಿಗಿತದಲ್ಲಿ ಒಂದು ದೊಡ್ಡ ಹೆಜ್ಜೆ ಅಂದರೆ 0.30, ಸರಾಸರಿಯಲ್ಲಿ ಸರಿಯಾಗಿ 0.150. ಅಷ್ಟೇ ನೋಡಿ.

ಎರಡನೇ ವಾರ ಕೋನ. ಸ್ಪ್ಲಿಟ್ ಲೀಪ್‌ನಲ್ಲಿ, ಅಂದರೆ ಗಾಳಿಯಲ್ಲಿ ಕಾಲು ಅಗಲಿಸುವ ಜಿಗಿತದಲ್ಲಿ, ಎರಡೂ ಕಾಲು ಒಂದೇ ಗೆರೆಯಲ್ಲಿರಬೇಕು, 180 ಡಿಗ್ರಿ. ನಾನು ಗೋಡೆ ಗಡಿಯಾರ ನೋಡಿ ಕಲಿತೆ. ಕಾಲುಗಳು 9 ಮತ್ತು 3ರ ಮೇಲಿದ್ದರೆ ಪೂರ್ತಿ. ಒಂದು ಗಂಟೆಯ ಅಂತರ 30 ಡಿಗ್ರಿ ಅಲ್ವಾ? ಅರ್ಧ ಗಂಟೆಯಷ್ಟು ಕಡಿಮೆ ಬಿದ್ದರೆ 0.10. ಒಂದು ಗಂಟೆಯಷ್ಟು ಕಡಿಮೆಯಾದರೆ 0.30. ಒಂದೂವರೆ ಗಂಟೆ ದಾಟಿದರೆ, ಅಂದರೆ 45 ಡಿಗ್ರಿ ಮೇಲೆ, ಆ ಪಟ್ಟಿಗೆ ಸಿಗಬೇಕಾದ ಬೆಲೆಯೇ ಸಿಗುವುದಿಲ್ಲ. ಅದನ್ನು ಡಿ ಜಡ್ಜ್ ನೋಡಿಕೊಳ್ಳುತ್ತಾರೆ. ಪುಸ್ತಕದ ಗಡಿ 20 ಮತ್ತು 45 ಡಿಗ್ರಿ. ಗಡಿಯಾರ ಬರೀ ಕಣ್ಣಿಗೆ ಆಸರೆ.

ಮೂರನೆಯದು ಬರವಣಿಗೆ. ನನ್ನ ಮೊದಲ ಸ್ಪರ್ಧೆ ಧಾರವಾಡದಲ್ಲಿ. ಬೀಮ್ ಪಕ್ಕ ಕೂರಿಸಿದ್ದರು. ಹುಡುಗಿ ತಿರುಗುವಾಗ ಓಲಾಡಿದ್ದನ್ನು 'ಎಡಗಡೆ ವಾಲಿದಳು, ಕೈ ಬೀಸಿದಳು' ಅಂತ ನೀಟಾಗಿ ವಾಕ್ಯ ಮಾಡಿ ಬರೆದೆ. ತಲೆ ಎತ್ತಿದರೆ ಹುಡುಗಿ ಬೀಮ್‌ನ ಇನ್ನೊಂದು ತುದಿಯಲ್ಲಿ ನಿಂತಿದ್ದಾಳೆ! ನಡುವೆ ಏನಾಯಿತೋ ದೇವರಿಗೇ ಗೊತ್ತು. ಪಕ್ಕದ ಹಿರಿಯ ಜಡ್ಜ್ ಹಾಳೆಯನ್ನು ಓರೆಗಣ್ಣಲ್ಲಿ ನೋಡಿದೆ. ಅದರಲ್ಲಿ ಒಂದು ಅಕ್ಷರವೂ ಇಲ್ಲ, ಬರೀ ಗೀಟು, ಕೊಕ್ಕೆ, ಸುತ್ತು, ಅದರ ಕೆಳಗೆ 1, 3, 5. ಪ್ರತಿ ಪಟ್ಟಿಗೂ ನಿಯಮ ಪುಸ್ತಕದಲ್ಲೇ ಗುರುತುಗಳಿವೆ. ದಿನಕ್ಕೆ ಐದು ಕಲಿಯಿರಿ. ಹಾಳೆ ನೋಡದೆ ಬರೆಯಲು ಬರಬೇಕು. ಕತ್ತಲಲ್ಲಿ ಬರೆದು ನೋಡಿ, ನಗು ಬರುತ್ತದೆ, ಆದರೆ ಬೇಗ ರೂಢಿಯಾಗುತ್ತದೆ.

ಕೊನೆಗೆ ಒಂದು ಧೈರ್ಯ. ನಾಲ್ವರು ಇ ಜಡ್ಜ್ ಇದ್ದರೆ ಎಲ್ಲಕ್ಕಿಂತ ಮೇಲಿನ ಅಂಕ, ಕೆಳಗಿನ ಅಂಕ ಎರಡನ್ನೂ ಬಿಟ್ಟು ನಡುವಿನ ಎರಡರ ಸರಾಸರಿ ತೆಗೆಯುತ್ತಾರೆ. 8.1, 7.8, 7.6, 7.2 ಬಂದರೆ ಇ ಅಂಕ 7.700. ನಿಮ್ಮದು 7.2 ಆಗಿದ್ದರೆ ಆಕಾಶ ಬೀಳುವುದಿಲ್ಲ. ಆದರೆ ಪಕ್ಕದವರ ಹಾಳೆ ಇಣುಕಿ ನಿಮ್ಮದನ್ನು 7.6 ಮಾಡಬೇಡಿ. (ನಾನು ಇಣುಕಿದ್ದು ಗುರುತು ನೋಡಲಿಕ್ಕೆ. ಆದರೂ ಅದು ತಪ್ಪೇ.) ನಾಲ್ವರೂ ಒಬ್ಬರನ್ನೊಬ್ಬರು ನೋಡಿ ಬರೆದರೆ ನಾಲ್ಕು ಕುರ್ಚಿ ಯಾಕೆ ಬೇಕು?

ಪ್ರಶ್ನೆ: ನಮ್ಮ ಕಡೆ ಜಡ್ಜ್‌ಗಳೇ ನಾಲ್ಕೈದು ಜನ. ನನ್ನ ಅಣ್ಣನ ಮಗಳು ಫ್ಲೋರ್‌ನಲ್ಲಿ ಆಡುತ್ತಾಳೆ. ನಾನು ಕೂರಲೋ ಬೇಡವೋ?
(ಹುಬ್ಬಳ್ಳಿಯ ಮಾಜಿ ಕೋಚ್)

ಉತ್ತರ: ಅವಳ ಫ್ಲೋರ್‌ಗೆ ಬೇಡ ಸರ್. ಬೇರೆ ವಿಭಾಗಕ್ಕೆ ಕೂರಿ. ಸ್ಪರ್ಧೆಗೆ ಮುಂಚಿನ ತೀರ್ಪುಗಾರರ ಸಭೆಯಲ್ಲಿ ಎಲ್ಲರ ಎದುರು 'ಈಕೆ ನನ್ನ ಅಣ್ಣನ ಮಗಳು' ಅಂತ ಬಾಯಿಬಿಟ್ಟು ಹೇಳಿ. ಬೇರೆ ದಾರಿಯೇ ಇಲ್ಲದಿದ್ದರೆ ಡಿ ಜಡ್ಜ್ ಆಗಬೇಡಿ, ನಾಲ್ವರಲ್ಲಿ ಒಬ್ಬ ಇ ಜಡ್ಜ್ ಆಗಿ. ನಿಮ್ಮ ಅಂಕ ತೀರಾ ಹೆಚ್ಚಾದರೂ ತೀರಾ ಕಡಿಮೆಯಾದರೂ ತಾನಾಗಿ ಉದುರುತ್ತದೆ.

ತೀರಾ ಕಡಿಮೆ ಅಂದೆ. ಅದು ಬೇಕಂತಲೇ ಅಂದದ್ದು. ಜನ ಏನಂತಾರೋ ಅನ್ನುವ ಹೆದರಿಕೆಗೆ ತಮ್ಮವರಿಗೇ ಕಡಿಮೆ ಹಾಕುವವರನ್ನು ಜಾಸ್ತಿ ನೋಡಿದ್ದೇನೆ. ಪಾಪ, ಆ ಹುಡುಗಿ ಏನು ತಪ್ಪು ಮಾಡಿದ್ದಳು? ನಮ್ಮ ಊರುಗಳಲ್ಲಿ ಸಂಬಂಧಿಕರಲ್ಲದಿದ್ದರೂ ಮುಖ ಪರಿಚಯ ಇದ್ದೇ ಇರುತ್ತದೆ. 'ಈಕೆ ದಿನಾ ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಮಾಡ್ತಾಳೆ' ಅನ್ನುವುದು ತಲೆಯಲ್ಲಿದ್ದರೆ ಬಾಗಿದ ಮೊಣಕಾಲೂ ನೆಟ್ಟಗೆ ಕಾಣುತ್ತದೆ. ಹಾಳೆಗೆ ಹೋಗಬೇಕಾದ್ದು ಇವತ್ತು ಕಂಡದ್ದು. ಗೊತ್ತಿದ್ದದ್ದಲ್ಲ.

ಹಾಂ, ಮಧ್ಯದಲ್ಲಿ ಪಾಲಕರು ಮಿರ್ಚಿ ಭಜಿ, ಚಹಾ ಕಳಿಸುತ್ತಾರೆ. ಸಂಘಟಕರು ಕೊಟ್ಟರೆ ತಿನ್ನಿ, ಪಾಲಕರು ಕೊಟ್ಟರೆ ಕೈಮುಗಿದು ವಾಪಸ್ ಕಳಿಸಿ. ಬಿಸಿ ಭಜಿ ವಾಪಸ್ ಕಳಿಸುವ ಸಂಕಟ ನನಗೂ ಗೊತ್ತು.

ಪ್ರಶ್ನೆ: ಎಂಟನೇ ಕ್ಲಾಸಿನ ಹುಡುಗಿ ಕಾಲು ಪೂರ್ತಿ ಮುಚ್ಚುವ ಡ್ರೆಸ್ ಹಾಕಿಕೊಳ್ಳುತ್ತೇನೆ ಅನ್ನುತ್ತಾಳೆ. ಅಂಕ ಕಡಿಯುತ್ತಾರಾ?
(ಲಕ್ಷ್ಮೇಶ್ವರದ ಶಿಕ್ಷಕ)

ಉತ್ತರ: ಇಲ್ಲ. ಪಾದದ ಗಂಟಿನವರೆಗಿನ ಮೈಗೆ ಅಂಟಿದ ಲಿಯೊಟಾರ್ಡ್‌ಗೆ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಹುಡುಗಿಯರು ತಂಡವಾಗಿ ಅದನ್ನೇ ಹಾಕಿಕೊಂಡು ಆಡಿದರು. ಜೋಲು ಪ್ಯಾಂಟ್ ಬೇಡ. ಮೊಣಕಾಲು ಬಾಗಿದ್ದು ಕಾಣುವುದಿಲ್ಲ, ಬಾರ್‌ಗೆ ಸಿಕ್ಕಿಕೊಂಡರೆ ಅಪಾಯ ಬೇರೆ. ಜಡ್ಜ್‌ಗಳಿಗೂ ಒಂದು ಮಾತು: ಇಂಥ ಹುಡುಗಿ ಬಂದಾಗ ಹುಬ್ಬು ಏರಿಸಬೇಡಿ. ನಮ್ಮ ಕಡೆ ಬಟ್ಟೆಯ ಕಾರಣಕ್ಕೇ ಹುಡುಗಿಯರು ಹೈಸ್ಕೂಲಿಗೆ ಬರುತ್ತಲೇ ಆಟ ಬಿಡುತ್ತಾರೆ. ನಿಮ್ಮ ಮುಖ ನೋಡಿ ಒಬ್ಬಳು ಬಿಡುವುದು ಬೇಡ.

ಪ್ರಶ್ನೆ: ನಾನು ಮೊದಲು ಜಿಮ್ನಾಸ್ಟ್. ಮೊಣಕಾಲಿಗೆ ಪೆಟ್ಟಾಗಿ ಬಿಟ್ಟೆ. ಜಡ್ಜ್ ಆಗಿ ದೊಡ್ಡ ಮಟ್ಟಕ್ಕೆ ಹೋಗಬಹುದಾ?
(ಧಾರವಾಡದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಯಾಕಾಗಬಾರದು ತಂಗಿ? ಸುರತ್‌ನ ದೀಪಕ್ ಕಾಬ್ರಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ವಿಭಾಗಕ್ಕೆ ಜಡ್ಜ್ ಆಗಿದ್ದರು. ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ಗೆ ಭಾರತದಿಂದ ಜಡ್ಜ್ ಆದ ಮೊದಲಿಗರು ಅವರೇ. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ತೀರ್ಪುಗಾರರ ಶಿಬಿರ ಮತ್ತು ಪರೀಕ್ಷೆ ಮೊದಲು. ಆಮೇಲೆ ಅಂತರರಾಷ್ಟ್ರೀಯ ಬ್ರೆವೆ, ಅಂದರೆ ತೀರ್ಪುಗಾರರ ಪರವಾನಗಿ. ಅದರಲ್ಲಿ ನಾಲ್ಕು ದರ್ಜೆ ಇವೆ, ಪುಸ್ತಕ ಬದಲಾದಾಗಲೆಲ್ಲ ಮತ್ತೆ ಪರೀಕ್ಷೆ ಬರೆಯಬೇಕು. ಆಟ ಆಡಿದವಳಿಗೆ ಒಂದು ಅನುಕೂಲ ಇದೆ, ತಪ್ಪು ಆಗುವ ಮುಂಚೆಯೇ ಮೈಗೆ ಗೊತ್ತಾಗುತ್ತದೆ. ಅದೇ ಕಷ್ಟವೂ ಹೌದು. ಆಗುವ ಮುಂಚೆ ಕಡಿದುಬಿಡಬೇಡ.

ಪ್ರಶ್ನೆ: ಬೀಮ್ ಟೈಮ್ ಯಾವಾಗ ಶುರು, ಯಾವಾಗ ಮುಗಿಸಬೇಕು?
(ಗದಗದ ಸ್ವಯಂಸೇವಕಿ)

ಉತ್ತರ: ಹುಡುಗಿಯ ಕಾಲು ಸ್ಪ್ರಿಂಗ್ ಬೋರ್ಡ್ ಅಥವಾ ಮ್ಯಾಟ್ ಬಿಟ್ಟ ಕ್ಷಣ ಗುಂಡಿ ಒತ್ತಿ. ಇಳಿದು ಮ್ಯಾಟ್ ಮುಟ್ಟಿದಾಗ ನಿಲ್ಲಿಸಿ. 90 ಸೆಕೆಂಡ್ ಮಿತಿ. 80ಕ್ಕೆ ಒಂದು ಎಚ್ಚರಿಕೆ ಬೆಲ್, 90ಕ್ಕೆ ಇನ್ನೊಂದು. ಮೀರಿದರೆ 0.10 ಕಡಿತ. ನಡುವೆ ಬಿದ್ದರೆ ಬೇರೆ ಸ್ಟಾಪ್‌ವಾಚ್ ಬೇಕು, ಆಕೆ ಎದ್ದು ನಿಂತಾಗಿನಿಂದ 10 ಸೆಕೆಂಡ್. ಒಂದೇ ಮೊಬೈಲಿನಲ್ಲಿ ಎರಡೂ ಆಗುವುದಿಲ್ಲ, ಫೋನ್ ಬಂದರೆ ಮುಗೀತು ಕತೆ. ಎರಡು ಸ್ಟಾಪ್‌ವಾಚ್, ಇಬ್ಬರು ಜನ. ಕರೆಂಟ್ ಹೋಗಿ ಬೆಲ್ ಬಾರಿಸದಿದ್ದರೆ ಏನು ಮಾಡೋದು ಅಂತ ಮೊದಲೇ ಯೋಚಿಸಿಡಿ. ನಾವು ಒಮ್ಮೆ ಅಡುಗೆಯವರಿಂದ ಸ್ಟೀಲ್ ತಾಟು, ಚಮಚ ಇಸಕೊಂಡು ಬಂದು ಇಡೀ ಮಧ್ಯಾಹ್ನ ಬಡಿದಿದ್ದೆವು. ಚೆನ್ನಾಗೇ ಕೇಳಿಸಿತು.