ಅಪ್ಪನ ಕುಡಿತ ಹಿಡಿದು ಆಡಿಕೊಳ್ತಾರೆ, ಹರಕೆ ಹೊತ್ತರೂ ನಿಂತಿಲ್ಲ – ಪ್ರತಿಕ್ರಿಯೆ

ಕ್ಲಾಸಿನವರು ಅಪ್ಪನ ಕುಡಿತ ಹಿಡಿದು ಆಡಿಕೊಳ್ತಾರೆ, ಮನೆಯಲ್ಲೂ ಜಗಳ, ಹರಕೆ ಹೊತ್ತರೂ ನಿಂತಿಲ್ಲ ಅಂತ ಬರೆದಿದ್ದೀಯ. ಇದು ನಿನ್ನ ಭಕ್ತಿಯ ಕೊರತೆ ಅಲ್ಲ ತಂಗಿ. ಮನೆಯ ಜಗಳದಿಂದಾಗಿ ನೀನು ಯಾರಿಗೂ ಹೇಳಲ್ಲ ಅಂತ ಅವರಿಗೆ ಗೊತ್ತಾಗಿರಬೇಕು. ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಅಪ್ಪನ ಕುಡಿತ ಎತ್ತಿ ಆಡೋ ಧೈರ್ಯ ಬಂದಿರೋದು ಬಹುಶಃ ಅಲ್ಲಿಂದ.

ಗ್ರೂಪಲ್ಲಿ ಉತ್ತರ ಕೊಡಬೇಡ, ಈಗಲೇ ಹೊರಗೂ ಬರಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗೆ: ಕಳಿಸಿದವರ ಹೆಸರು, ತಾರೀಖು, ಸಮಯ ಮೂರೂ ಕಾಣಬೇಕು. ಅವರು ಡಿಲೀಟ್ ಮಾಡಿಬಿಟ್ಟರೆ ಕೈಯಲ್ಲಿ ಏನೂ ಉಳಿಯಲ್ಲ. ನಂಬಿಕಸ್ಥರೊಬ್ಬರ ಫೋನಿಗೂ ಕಳಿಸಿಟ್ಟು ಆಮೇಲೆ ಹೊರಗೆ ಬಾ. ಕ್ಲಾಸಲ್ಲಿ ಅಂದದ್ದನ್ನ ಅವರ ಮಾತಲ್ಲೇ ಬರೆದಿಡು, ಪಕ್ಕದಲ್ಲಿ ಯಾರಿದ್ದರು ಅನ್ನೋದೂ ಇರಲಿ.

ಹೆಡ್‌ಮಾಸ್ಟರಿಗೆ ಒಂದು ಪುಟದ ಅರ್ಜಿಯನ್ನೇ ಕೊಡು. ಬಾಯಲ್ಲಿ ಹೇಳಿದರೆ ‘ಮಕ್ಕಳ ತಮಾಷೆ’ ಅಂತ ತೇಲಿಸಿಬಿಡ್ತಾರೆ. ಅಮ್ಮನಿಗೆ ಆಗದಿದ್ದರೆ ಅಜ್ಜಿಯೋ ಚಿಕ್ಕಮ್ಮನೋ ಜೊತೆಗೆ ಬರಲಿ. ಶಾಲೆ ಸುಮ್ಮನಿದ್ದರೆ ಮಕ್ಕಳ ಸಹಾಯವಾಣಿ 1098, ಕಾಸು ಬೀಳಲ್ಲ.

ಮನೆಯಲ್ಲಿ ಹೊಡೆದಾಟ ಶುರುವಾದರೆ ಮಧ್ಯೆ ನಿಲ್ಲಬೇಡ, ಪಕ್ಕದ ಮನೆಗೆ ಹೋಗಿ 112ಕ್ಕೆ ಫೋನ್ ಮಾಡು. ಪ್ರಾರ್ಥನೆಯಿಂದ ಸಮಾಧಾನ ಸಿಗ್ತಿದ್ದರೆ ಖಂಡಿತ ಮುಂದುವರಿಸು. ಆದರೆ ಅಪ್ಪನ ಕುಡಿತ ಬಿಡಿಸೋ ಹೊಣೆ ನಿನ್ನದಲ್ಲ, ಅದಕ್ಕಾಗಿ ಉಪವಾಸ ಕೂರಬೇಡ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ರಾತ್ರಿಯಾದರೂ ಸರಿ, ಕನ್ನಡದಲ್ಲೇ ಮಾತಾಡ್ತಾರೆ.