30×40 ಸೈಟುಗಳಲ್ಲೆಲ್ಲ ನಾಲ್ಕೈದು ಮಹಡಿ ಏಳುತ್ತಿವೆ. ಇದರಿಂದ ಬೆಂಗಳೂರಿಗೆ ಒಳ್ಳೆಯದಾ, ಕೆಟ್ಟದ್ದಾ?

ಮಹಡಿ ಏರುವುದೇ ತಪ್ಪು ಅಂತ ನನಗನ್ನಿಸುವುದಿಲ್ಲ. ಜನ ಹತ್ತಿರ ಹತ್ತಿರ ಇದ್ದರೆ ಬಸ್ಸು ತುಂಬುತ್ತದೆ, ಅಂಗಡಿಗೆ ನಡೆದೇ ಹೋಗಬಹುದು, ಊರಾಚೆಯ ಹೊಲಗಳು ಲೇಔಟ್ ಆಗುವುದೂ ಸ್ವಲ್ಪ ತಪ್ಪುತ್ತದೆ.

ಕಷ್ಟ ಶುರುವಾಗುವುದು ನೀರಿನಲ್ಲಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅಂದರೆ 1,200 ಚದರಡಿ ಸೈಟಿನ ಮೇಲೆ ಒಂದು ಲಕ್ಷ ಲೀಟರಿಗಿಂತ ತುಸು ಜಾಸ್ತಿ ಬೀಳುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ, ಅಷ್ಟೂ ಹಿಡಿದಿಟ್ಟರೂ ನಾಲ್ಕು ಜನರ ಒಂದು ಮನೆಗೆ ಸುಮಾರು ಆರೂವರೆ ತಿಂಗಳು ಸಾಕು. ಅದೇ ಸೈಟಿನಲ್ಲಿ ಎಂಟು ಮನೆ ಕಟ್ಟಿದರೆ? ಮೂರೂವರೆ ವಾರ, ಅಷ್ಟೇ. ಹಾಗಾಗಿ 2009ರಲ್ಲಿ ಕಾನೂನು ಮಾಡಿದ ಮಳೆನೀರು ಕೊಯ್ಲು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಉಳಿದದ್ದಕ್ಕೆ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಕಾವೇರಿ, ಇಲ್ಲವೇ ಬೋರ್‌ವೆಲ್, ಟ್ಯಾಂಕರ್. 2024ರ ಬೇಸಿಗೆಯ ನೀರಿನ ಪರದಾಟ ನೆನಪಿದೆ ಅಲ್ವಾ?

ಬಂದ ನೀರು ಹೊರಗೂ ಹೋಗಬೇಕಲ್ಲ. ಒಂದೆರಡು ಮನೆಗೆ ಅಂತ ಹಾಕಿದ ಒಳಚರಂಡಿ ಪೈಪಿಗೆ ಎಂಟು ಮನೆಯವರ ಕೊಳಚೆ ಬರುತ್ತದೆ. ಸಾಲದ್ದಕ್ಕೆ ಕೆಲವರು ಟೆರೇಸಿನ ನೀರನ್ನೂ ಸುಮ್ನೆ ಅದಕ್ಕೇ ಬಿಡುತ್ತಾರೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕದೆ ಇನ್ನೇನು?

ಪಾರ್ಕಿಂಗ್ ಜಗಳ ಹೇಗೂ ಗೊತ್ತೇ ಇದೆ. ನನ್ನನ್ನು ಕೇಳಿದರೆ, ಎತ್ತರಕ್ಕೆ ಅನುಮತಿ ಕೊಡುವ ಮೊದಲು ಆ ಬೀದಿಯ ಪೈಪು ಎಷ್ಟು ಮನೆ ತಾಳುತ್ತದೆ ಅಂತ ನೋಡಬೇಕು. ಸೈಟಿನ ಅಳತೆ, ರಸ್ತೆಯ ಅಗಲ ಮಾತ್ರ ನೋಡಿದರೆ ಆಗುವುದಿಲ್ಲ.