ಪಾಲಿಕೆ ಚುನಾವಣೆಯಲ್ಲಿ ‘ಬಿಗಿ ಆಡಳಿತ’ದ ಭರವಸೆಗೆ ಮಂಗಳೂರಿನ ಹೊರವಲಯದಲ್ಲಿ ಮತ ಬೀಳುವುದೇಕೆ?

ಭಯ ಮನೆಬಾಗಿಲಿಗೇ ಬರುವುದರಿಂದ. ಎಲ್ಲೋ ಚೂರಿ ಇರಿತವಾಯಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿದರೆ ಸಾಕು, ಸುರತ್ಕಲ್ ಕಡೆ ಸಂಜೆ ಆರಕ್ಕೇ ಅಂಗಡಿಗಳ ಶಟರ್ ಇಳಿಯುತ್ತದೆ. ಟ್ಯೂಷನ್ನಿಗೆ ಹೋದ ಮಗಳಿಗಾಗಿ ತಾಯಿ ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ. ಮಕ್ಕಳು ಗಲ್ಫಿನಲ್ಲಿ, ವೃದ್ಧರಿಬ್ಬರೇ ಫ್ಲ್ಯಾಟಿನಲ್ಲಿ ಇರುವ ಮನೆಗಳೂ ಇಲ್ಲಿ ಬಹಳ. ಅವರಿಗೆ ‘ಗೂಂಡಾಗಳನ್ನು ಮಟ್ಟಹಾಕುತ್ತೇವೆ’ ಎಂಬ ಒಂದು ಸಾಲು ಒಳಚರಂಡಿ ಯೋಜನೆಗಿಂತ ಬೇಗ ನಾಟುತ್ತದೆ. ಆ ಭಯವನ್ನು ಹಗುರವಾಗಿ ಕಾಣುವುದು ತಪ್ಪು.

ಆದರೆ ಸಂವಿಧಾನದ 7ನೇ ಅನುಸೂಚಿಯಂತೆ ಪೊಲೀಸ್ ರಾಜ್ಯದ ವಿಷಯ. 2010ರಲ್ಲಿ ಆರಂಭವಾದ ನಗರ ಪೊಲೀಸ್ ಕಮಿಷನರೇಟ್ ರಾಜ್ಯ ಸರ್ಕಾರದ ಅಧೀನದಲ್ಲಿದೆ. ಪಾಲಿಕೆಯ 60 ವಾರ್ಡ್‌ಗಳ ಯಾವ ಸದಸ್ಯರಿಗೂ ಒಬ್ಬ ಕಾನ್‌ಸ್ಟೆಬಲ್‌ನನ್ನು ಗಸ್ತಿಗೆ ಕಳುಹಿಸುವ ಅಧಿಕಾರವಿಲ್ಲ. ಬಸ್ ನಿಲ್ದಾಣದಿಂದ ಮನೆಯವರೆಗಿನ ಬೀದಿದೀಪವನ್ನಾದರೆ ಅವರಿಂದಲೇ ಕೇಳಿ ಪಡೆಯಬಹುದು.